ಕಾಲೇಜಿಗೆ ಹೋದ ಮಗಳು ಇಳಿದುಹೋಗಿದ್ದಾಳೆ: ಕಾಯುವುದೋ, ಡಾಕ್ಟರಿಗೆ ತೋರಿಸುವುದೋ?

ಪ್ರಶ್ನೆ: ಮಗಳಿಗೆ 18 ವರ್ಷ. ಎಂಟು ತಿಂಗಳ ಹಿಂದೆ ಬೇರೆ ಊರಿನ ಕಾಲೇಜಿಗೆ ಸೇರಿದಳು, ಹಾಸ್ಟೆಲಿನಲ್ಲಿದ್ದಾಳೆ. ಎತ್ತರ 160 ಸೆಂ.ಮೀ., ಹೋಗುವಾಗ ತೂಕ 54 ಕೆ.ಜಿ. ಮೂರೂವರೆ ತಿಂಗಳಾದ ಮೇಲೆ ಮೊದಲ ರಜೆಗೆ ಬಂದಾಗ 57 ಆಗಿದ್ದಳು. ‘ದಪ್ಪಗಾಗಿದ್ದೀಯ, ಕುರುಕಲು ಕಡಿಮೆ ಮಾಡು’ ಎಂದು ನಾನೇ ಹೇಳಿದ್ದೆ. ಈಗ ಎರಡನೇ ರಜೆಗೆ ಬಂದಿದ್ದಾಳೆ, 50.5 ಕೆ.ಜಿ. ಬೆಳಗಿನ ತಿಂಡಿ ಬೇಡ ಅನ್ನುತ್ತಾಳೆ, ಮಧ್ಯಾಹ್ನ ತಟ್ಟೆಯಲ್ಲಿ ಕೆದಕುತ್ತಾ ಕೂರುತ್ತಾಳೆ, ರಾತ್ರಿ ‘ಆಗಲೇ ತಿಂದೆ’ ಅನ್ನುತ್ತಾಳೆ. ಆದರೆ ನಮಗೆಲ್ಲ ಆಸೆಯಿಂದ ಅಡುಗೆ ಮಾಡಿ ಬಡಿಸುತ್ತಾಳೆ. ನಮ್ಮ ಮನೆಯವರು ‘ಬಿಎಂಐ ನಾರ್ಮಲ್ ಇದೆ, ಈ ವಯಸ್ಸೇ ಹಾಗೆ’ ಎಂದು ಸುಮ್ಮನಾಗಿದ್ದಾರೆ. ನನಗೆ ಸಮಾಧಾನವಿಲ್ಲ. ರಜೆ ಇನ್ನು ಮೂರು ವಾರ ಇದೆ. ಏನು ಮಾಡಲಿ?

ಉತ್ತರ: ಕಾಯಬೇಡಿ. ಮೂರು ವಾರ ಕೈಯಲ್ಲಿರುವಾಗಲೇ, ಆದಷ್ಟು ಈ ವಾರವೇ, ಡಾಕ್ಟರಿಗೆ ತೋರಿಸಿ.

ನಿಮ್ಮ ಮನೆಯವರ ಲೆಕ್ಕ ತಪ್ಪಿಲ್ಲ. ಅವಳ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಹೊಂದುತ್ತದೆಂದು ಹೇಳುವ ಅಂಕಿ, 19.7, ವಯಸ್ಕರ ಪಟ್ಟಿಯಲ್ಲಿ 18.5ರಿಂದ 24.9ರವರೆಗೆ ನಾರ್ಮಲ್. ಆದರೆ ಆ ಪಟ್ಟಿಗೆ ಗೊತ್ತಿರುವುದು ಇವತ್ತು ಮುಳ್ಳು ಎಲ್ಲಿ ನಿಂತಿದೆ ಎಂಬುದಷ್ಟೇ. ಎಲ್ಲಿಂದ ಹೊರಟು ಎಷ್ಟು ಬೇಗ ಅಲ್ಲಿಗೆ ಬಂತು ಎನ್ನುವುದು ಅದಕ್ಕೆ ಗೊತ್ತಿಲ್ಲ. 57ರಿಂದ 50.5 ಅಂದರೆ ನಾಲ್ಕೂವರೆ ತಿಂಗಳಲ್ಲಿ ಆರೂವರೆ ಕೆ.ಜಿ., ಮೈತೂಕದ ನೂರಕ್ಕೆ 11ಕ್ಕೂ ಹೆಚ್ಚು. ದೊಡ್ಡವರಲ್ಲಿ ಕಾರಣವಿಲ್ಲದೆ ಆರರಿಂದ ಹನ್ನೆರಡು ತಿಂಗಳಲ್ಲಿ ನೂರಕ್ಕೆ 5 ಇಳಿದರೂ ಡಾಕ್ಟರು ಏನೆಂದು ಹುಡುಕಲು ಶುರುಮಾಡುತ್ತಾರೆ. ಇವಳದು ಅದರ ಎರಡರಷ್ಟು, ಅದೂ ಇನ್ನೂ ಕಡಿಮೆ ಅವಧಿಯಲ್ಲಿ. ನಾಡಿ ನಿಧಾನವಾಗುವುದು, ಮುಟ್ಟು ನಿಲ್ಲುವುದು, ತಲೆಸುತ್ತು ಬರುವುದು, ಇವೆಲ್ಲ ಎಲುಬು ಕಾಣುವಷ್ಟು ಸಣ್ಣಗಾದವರಿಗೆ ಮಾತ್ರ ಆಗುವಂಥವಲ್ಲ. ತೂಕ ಬೇಗ ಇಳಿದರೆ ನಾರ್ಮಲ್ ಪಟ್ಟಿಯೊಳಗಿರುವವರಿಗೂ, ದಪ್ಪಗಿರುವವರಿಗೂ ಆಗುತ್ತವೆ. ತಡವಾಗಿ ಸಿಕ್ಕಿಬೀಳುವುದೂ ಇಂಥವರೇ. ನೋಡಿದವರೆಲ್ಲ ‘ಚೆನ್ನಾಗಿ ಇಳಿದಿದ್ದೀಯಲ್ಲ’ ಎಂದು ಹೊಗಳಿರುತ್ತಾರೆ.

ಇನ್ನು ಆ ಮೊದಲ ಮೂರು ಕೆ.ಜಿ. ಮಾತು. ಕಾಲೇಜಿನ ಮೊದಲ ವರ್ಷದಲ್ಲಿ ಮಕ್ಕಳು 15 ಪೌಂಡ್, ಅಂದರೆ ಸುಮಾರು 6.8 ಕೆ.ಜಿ., ದಪ್ಪವಾಗುತ್ತಾರೆ ಎಂಬ ಮಾತು ಅಮೆರಿಕದ ಪತ್ರಿಕೆಗಳಲ್ಲಿ 1980ರ ದಶಕದ ಕೊನೆಗೆ ಹರಡಿ ಜಗತ್ತಿಗೆಲ್ಲ ಹಬ್ಬಿತು. ನಿಜವಾಗಿ ತೂಗಿ ನೋಡಿದ ಅಧ್ಯಯನಗಳನ್ನು ಒಟ್ಟುಗೂಡಿಸಿದರೆ ಸರಾಸರಿ ಸಿಗುವುದು ಹೆಚ್ಚುಕಡಿಮೆ ಒಂದೂವರೆ ಕೆ.ಜಿ. ಕೆಲವರು ಮೂರು ನಾಲ್ಕು ಕೆ.ಜಿ. ಏರುತ್ತಾರೆ, ಕೆಲವರು ಇಳಿಯುತ್ತಾರೆ, ಕೆಲವರು ಇದ್ದಲ್ಲೇ ಇರುತ್ತಾರೆ. ಮೂರು ಕೆ.ಜಿ. ಏರಲು ದೊಡ್ಡ ತಪ್ಪೇನೂ ನಡೆಯಬೇಕಿಲ್ಲ. ಒಂದು ಕೆ.ಜಿ. ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಅಂತ ಹಿಡಿಯಿರಿ. ಮೂರಕ್ಕೆ 23,100. ಅದನ್ನು 105 ದಿನಕ್ಕೆ ಹಂಚಿದರೆ ದಿನಕ್ಕೆ 220. ಒಂದು ಕ್ಯಾನ್ ಸಿಹಿ ಪಾನೀಯದಲ್ಲೇ 140 ಇರುತ್ತದೆ, ಜೊತೆಗೆ ಎರಡು ಬಿಸ್ಕತ್ತು ಸೇರಿದರೆ ಮುಗಿಯಿತು. ಎಂಟೂವರೆಗೆ ಕ್ಲಾಸು, ತಿಂಡಿ ತಪ್ಪುತ್ತದೆ. ಹನ್ನೊಂದಕ್ಕೆ ಬರೀ ಕಾಫಿ. ಮಧ್ಯಾಹ್ನ ಅರ್ಧ ಹೊಟ್ಟೆ ಊಟ. ಮೆಸ್ಸು ಎಂಟೂವರೆಗೆ ಬಾಗಿಲು ಹಾಕುತ್ತದೆ, ಓದು ರಾತ್ರಿ ಒಂದು ಗಂಟೆಯವರೆಗೆ ನಡೆಯುತ್ತದೆ. ನಡುರಾತ್ರಿ ಹಸಿವಾದಾಗ ಕೈಗೆ ಸಿಗುವುದು ಚಿಪ್ಸ್ ಪೊಟ್ಟಣವೇ. ನಿದ್ದೆಗೆಟ್ಟ ಮೈ ಮಾರನೇ ದಿನ ಇನ್ನಷ್ಟು ಸಿಹಿ, ಇನ್ನಷ್ಟು ಎಣ್ಣೆ ಕೇಳುತ್ತದೆ. ಹೊತ್ತಿಗೆ ಸರಿಯಾಗಿ ಮೂರು ಊಟ ಮತ್ತು ಏಳೆಂಟು ಗಂಟೆ ನಿದ್ದೆ ಸಿಕ್ಕರೆ ಇದು ಎಷ್ಟೋ ಮಟ್ಟಿಗೆ ತಾನಾಗಿ ಹತೋಟಿಗೆ ಬರುತ್ತದೆ. ಆ ಹಂತದಲ್ಲಿ ‘ಕಡಿಮೆ ತಿನ್ನು’ ಎನ್ನುವ ಬದಲು ‘ಬೆಳಗ್ಗೆ ಏನು ಸಿಗುತ್ತೆ ಅಲ್ಲಿ, ಎಷ್ಟು ಹೊತ್ತಿಗೆ?’ ಎಂದು ಕೇಳಿದರೆ ಉಪಯೋಗವಾಗುತ್ತದೆ.

ನಿಮ್ಮ ಒಂದು ಮಾತಿನಿಂದಲೇ ಇದೆಲ್ಲ ಆಯಿತೆಂದು ಕೊರಗಬೇಡಿ. ತಿನ್ನುವುದಕ್ಕೆ ಸಂಬಂಧಿಸಿದ ಕಾಯಿಲೆಗಳಿಗೆ (ದಪ್ಪಗಾಗುವ ಭಯದಲ್ಲಿ ಊಟ ಬಿಡುವ, ತಿಂದದ್ದನ್ನು ಕಕ್ಕುವಂಥವು, ಇಂಗ್ಲಿಷಿನಲ್ಲಿ ಈಟಿಂಗ್ ಡಿಸಾರ್ಡರ್) ವಂಶದ ಪಾಲಿದೆ, ಆತಂಕದ ಸ್ವಭಾವದ ಪಾಲಿದೆ, ಎಲ್ಲದರಲ್ಲೂ ಪೂರ್ತಿ ಅಂಕ ಬೇಕೆನ್ನುವ ಹಟದ ಪಾಲಿದೆ. ಹೊಸ ಜಾಗದ ಒಂಟಿತನ ಅದಕ್ಕೆ ಸೇರಿಕೊಳ್ಳುತ್ತದೆ. ಹೆಚ್ಚಿನವರಲ್ಲಿ ಆರಂಭವಾಗುವುದು ‘ಸ್ವಲ್ಪ ಇಳಿಸೋಣ’ ಎಂಬ ಸಾಮಾನ್ಯ ಪಥ್ಯದಿಂದ. ಆದರೆ ಇವತ್ತಿನಿಂದ ಮನೆಯಲ್ಲಿ ಯಾರೂ ಯಾರ ಮೈ ಬಗ್ಗೆಯೂ ಮಾತಾಡಬಾರದು. ಅವಳ ಮೈಯಷ್ಟೇ ಅಲ್ಲ, ನಿಮ್ಮದು, ನೆಂಟರದು, ಟಿವಿಯಲ್ಲಿ ಬಂದವರದೂ ಬೇಡ. ‘ಈಗ ಚೆನ್ನಾಗಿ ಕಾಣ್ತೀಯ’ ಎಂಬ ಹೊಗಳಿಕೆಯೂ ಬೇಡ. ಅದು ಅವಳ ಕಿವಿಗೆ ‘ದಪ್ಪಗಾದೆ’ ಎಂದೇ ಕೇಳಿಸುತ್ತದೆ.

ನೀವು ಬರೆದದ್ದರಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ತೂಕಕ್ಕಿಂತ ಆ ಅಡುಗೆಯ ಸಂಗತಿ. 1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿ ಆನ್ಸೆಲ್ ಕೀಸ್ ಅವರು 36 ಮಂದಿ ಆರೋಗ್ಯವಂತ ಯುವಕರ ಒಪ್ಪಿಗೆ ಪಡೆದು, 24 ವಾರ ಅವರ ಆಹಾರವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿ ನೋಡಿದರು. ಮೈತೂಕ ಸುಮಾರು ಕಾಲುಭಾಗ ಇಳಿಯಿತು. ಅದಕ್ಕಿಂತ ಮುಖ್ಯವಾಗಿ, ಮೊದಲು ಅಡುಗೆಯ ಗೊಡವೆಯೇ ಇಲ್ಲದಿದ್ದ ಹುಡುಗರು ಅಡುಗೆ ಪುಸ್ತಕ ಕೂಡಿಡಲು ಶುರುಮಾಡಿದರು. ಒಂದು ತಟ್ಟೆ ಊಟವನ್ನು ತಾಸುಗಟ್ಟಲೆ ಎಳೆದರು, ಗೆಳೆಯರಿಂದ ದೂರ ಸರಿದರು, ಬೇಸಿಗೆಯಲ್ಲೂ ಚಳಿ ಅಂದರು, ಸಣ್ಣದಕ್ಕೆಲ್ಲ ರೇಗಿದರು. ಅವರಲ್ಲಿ ಯಾರಿಗೂ ಸಣ್ಣಗಾಗುವ ಆಸೆ ಇರಲಿಲ್ಲ. ಹೊಟ್ಟೆಗೆ ಸಾಲದಿದ್ದರೆ ಮೆದುಳು ತಾನಾಗಿ ಊಟದ ಸುತ್ತಲೇ ಗಿರಕಿ ಹೊಡೆಯುತ್ತದೆ. ನಿಮ್ಮ ಮಗಳು ಬಡಿಸುವಾಗ ಕಾಣುವ ಆಸೆ ಅವಳ ಹಸಿವೇ. ತಿನ್ನುವ ಭಯ ಅದಕ್ಕೆ ಅಡ್ಡ ನಿಂತಿದೆ ಎಂಬ ಗುಮಾನಿ ನನಗೆ ಬಲವಾಗಿದೆ.

ಆದರೂ ಗುಮಾನಿ ಗುಮಾನಿಯೇ. ತೂಕ ಇಳಿಯಲು ಬೇರೆ ದಾರಿಗಳಿವೆ, ಅವನ್ನು ಮೊದಲು ತಳ್ಳಿಹಾಕಬೇಕು. ವಿಪರೀತ ಬಾಯಾರಿಕೆ, ರಾತ್ರಿ ಎದ್ದೆದ್ದು ಮೂತ್ರಕ್ಕೆ ಹೋಗುವುದು ಇದ್ದರೆ ಅದೇ ದಿನ ರಕ್ತದ ಸಕ್ಕರೆ ನೋಡಿಸಿ. ಟೈಪ್ 1 ಮಧುಮೇಹ ಈ ವಯಸ್ಸಿನಲ್ಲೂ ಬರುತ್ತದೆ, ಅದು ದಿನಗಳ ಲೆಕ್ಕದಲ್ಲಿ ಅಪಾಯಕ್ಕೆ ತಿರುಗಬಲ್ಲದು. ಚೆನ್ನಾಗಿ ತಿಂದೂ ಇಳಿಯುತ್ತಿದ್ದರೆ, ಎದೆ ಡವಡವ, ಕೈ ನಡುಕ, ಸೆಕೆ ಇದ್ದರೆ ಥೈರಾಯ್ಡ್. ಹೊಟ್ಟೆಯುಬ್ಬರ, ಪದೇಪದೇ ಭೇದಿ ಇದ್ದರೆ ಕರುಳಿನ ತೊಂದರೆ. ಖಿನ್ನತೆಯಲ್ಲಿ ಊಟದ ರುಚಿಯೇ ಸತ್ತಿರುತ್ತದೆ, ಅಡುಗೆ ಮಾಡುವ ಉತ್ಸಾಹವೂ ಇರುವುದಿಲ್ಲ. ಗಮನಕೇಂದ್ರೀಕರಣಕ್ಕೆಂದು ಕೊಡುವ ಕೆಲವು ಮಾತ್ರೆಗಳು ಹಸಿವನ್ನು ಕೊಲ್ಲುತ್ತವೆ. ಮತ್ತೊಂದನ್ನು ತಂದೆತಾಯಿ ಯೋಚಿಸುವುದೇ ಇಲ್ಲ: ದುಡ್ಡು. ಮೆಸ್ಸಿಗೆ ಕಟ್ಟಿದ ಹಣ ಬೇರೆ ಖರ್ಚಿಗೆ ಹೋಗಿ, ಹೇಳಲು ನಾಚಿಕೆಯಾಗಿ, ಒಂದು ಹೊತ್ತಿನ ಊಟದಲ್ಲಿ ದಿನ ತಳ್ಳುವ ಮಕ್ಕಳಿದ್ದಾರೆ. ಅದನ್ನು ನೇರವಾಗಿ, ಬೈಯದೆ ಕೇಳಿಬಿಡಿ.

ಡಾಕ್ಟರು ಮೊದಲ ಜರಡಿಯಾಗಿ ಬಳಸುವ ಐದು ಪ್ರಶ್ನೆಗಳಿವೆ. 1999ರಲ್ಲಿ ಬ್ರಿಟನ್ನಿನಲ್ಲಿ ಇವನ್ನು ರೂಪಿಸಿದರು, ಹೆಸರು ‘ಸ್ಕಾಫ್’. ಹೊಟ್ಟೆ ತುಂಬಿ ಕಸಿವಿಸಿಯಾಯಿತೆಂದು ಬೇಕೆಂದೇ ವಾಂತಿ ಮಾಡಿಕೊಳ್ಳುತ್ತಾಳೆಯೇ? ಎಷ್ಟು ತಿನ್ನುತ್ತೇನೆ ಎಂಬುದು ಕೈಮೀರಿದೆ ಎಂಬ ಚಿಂತೆ ಇದೆಯೇ? ಮೂರು ತಿಂಗಳಲ್ಲಿ ಆರು ಕೆ.ಜಿ.ಗಿಂತ ಹೆಚ್ಚು ಇಳಿದಿದ್ದಾಳೆಯೇ? ಸುತ್ತಲಿನವರು ಸಣ್ಣಗಿದ್ದೀಯ ಅಂದರೂ ತಾನು ದಪ್ಪ ಅಂದುಕೊಂಡಿದ್ದಾಳೆಯೇ? ಊಟದ ಯೋಚನೆಯೇ ಬದುಕನ್ನು ಆಳುತ್ತಿದೆಯೇ? ಎರಡಕ್ಕೆ ಹೌದು ಎಂದಾದರೆ ಪೂರ್ತಿ ತಪಾಸಣೆ ಬೇಕು. ಇದು ರೋಗನಿರ್ಣಯವಲ್ಲ, ನೀವು ಮನೆಯಲ್ಲಿ ಕೂರಿಸಿಕೊಂಡು ಪರೀಕ್ಷೆ ತೆಗೆದುಕೊಳ್ಳಬೇಕಾಗಿಯೂ ಇಲ್ಲ. ನಿಮಗೆ ಕಂಡ ಉತ್ತರಗಳನ್ನು ತಾರೀಖಿನ ಸಮೇತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಮುಟ್ಟು ತಪ್ಪಿದ್ದರೆ ಎಷ್ಟು ತಿಂಗಳಿಂದ, ಊಟವಾದ ಕೂಡಲೇ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಡುತ್ತಾಳೆಯೇ, ಬೆರಳಿನ ಗೆಣ್ಣಿನ ಮೇಲೆ ಗಾಯ ಅಥವಾ ಗಟ್ಟಿ ಚರ್ಮ ಇದೆಯೇ, ಕಿವಿಯ ಕೆಳಗೆ ಕೆನ್ನೆ ಊದಿದೆಯೇ, ಕೂದಲು ಉದುರುತ್ತಿದೆಯೇ, ಜ್ವರ ಬಂದ ದಿನವೂ ವ್ಯಾಯಾಮ ಬಿಡುವುದಿಲ್ಲವೇ, ಭೇದಿ ಮಾಡಿಸುವ ಮಾತ್ರೆ ಕಂಡಿದ್ದೀರಾ. ಕಣ್ಣಿಗೆ ಬಿದ್ದದ್ದು ಸಾಕು, ಬ್ಯಾಗು ಫೋನು ತಡಕಬೇಡಿ. ಒಮ್ಮೆ ಸಿಕ್ಕಿಬಿದ್ದರೆ ಅವಳು ಮತ್ತೆ ನಿಮ್ಮನ್ನು ನಂಬುವುದಿಲ್ಲ.

ಮಾತು ಶುರುಮಾಡುವುದು ಹೇಗೆ? ಊಟದ ಹೊತ್ತಿನಲ್ಲಿ ಬೇಡ. ಅಪ್ಪ ಅಮ್ಮ ಇಬ್ಬರೂ ಎದುರು ಕೂತು ವಿಚಾರಣೆಯ ಹಾಗೆಯೂ ಬೇಡ. ವಾಕಿಂಗ್ ಹೋಗುವಾಗಲೋ, ಬಟ್ಟೆ ಮಡಚುವಾಗಲೋ, ಕಣ್ಣಿಗೆ ಕಣ್ಣು ಕೂಡಿಸಬೇಕಾಗಿಲ್ಲದ ಹೊತ್ತಿನಲ್ಲಿ, ಒಬ್ಬರೇ. ತೂಕದ ಸುದ್ದಿ ಎತ್ತದೆ ಕಂಡದ್ದನ್ನು ಹೇಳಿ: ‘ನಾಲ್ಕು ದಿನದಿಂದ ಬೆಳಗ್ಗೆ ಏನೂ ತಿಂದಿಲ್ಲ ನೀನು. ನಿನ್ನೆ ಮೆಟ್ಟಿಲು ಹತ್ತಿ ಗೋಡೆ ಹಿಡಿದು ನಿಂತೆ. ನಂಗೆ ಭಯ ಆಗಿದೆ ಮಗಳೇ. ಆವತ್ತು ದಪ್ಪಗಾಗಿದ್ದೀಯ ಅಂದೆನಲ್ಲ, ಅದು ನನ್ನ ತಪ್ಪು.’ ಅಷ್ಟು ಹೇಳಿ ಸುಮ್ಮನಾಗಿ. ‘ಏನೂ ಇಲ್ಲಮ್ಮ, ಸುಮ್ನೆ ಇರು’ ಎಂಬ ಉತ್ತರವೇ ಮೊದಲು ಬರುವುದು. ವಾದಕ್ಕಿಳಿಯಬೇಡಿ. ‘ಏನೂ ಇಲ್ಲದಿದ್ರೆ ಒಳ್ಳೇದೇ. ಗುರುವಾರ ಡಾಕ್ಟರ ಹತ್ತಿರ ಹೋಗೋಣ, ಅವರೂ ಅದನ್ನೇ ಹೇಳಿದ್ರೆ ನಾನು ಸುಮ್ಮನಾಗ್ತೀನಿ’ ಅನ್ನಿ. ಹೋಗೋಣವೇ ಎಂದು ಕೇಳಬೇಡಿ. ಹೋಗುವುದು ಖಂಡಿತ, ಯಾವ ದಿನ, ಯಾವ ಡಾಕ್ಟರು ಎಂಬ ಆಯ್ಕೆ ಅವಳದು. ಅದಕ್ಕೆ ಮೊದಲು ನೀವಿಬ್ಬರೂ ಒಂದೇ ಮಾತಿಗೆ ಬಂದಿರಬೇಕು. ಅಮ್ಮ ಒಂದು, ಅಪ್ಪ ಇನ್ನೊಂದು ಹೇಳಿದರೆ ಕಾಯಿಲೆ ಆ ಸಂದಿಯಲ್ಲೇ ಬೆಳೆಯುತ್ತದೆ. ಈ ಪತ್ರದ ಉತ್ತರವನ್ನು ನಿಮ್ಮ ಮನೆಯವರಿಗೆ ಓದಲು ಕೊಡಿ.

ಡಾಕ್ಟರ ಬಳಿ ‘ಸುಸ್ತು’ ಎಂದಷ್ಟೇ ಹೇಳಿದರೆ ಕಬ್ಬಿಣದ ಮಾತ್ರೆ ಬರೆದು ಕಳಿಸಿಬಿಡಬಹುದು. ಮೂರು ತೂಕಗಳನ್ನೂ ತಾರೀಖುಗಳನ್ನೂ ಹೇಳಿ, ‘ತಿನ್ನುವುದಕ್ಕೆ ಸಂಬಂಧಿಸಿದ ಕಾಯಿಲೆ ಇದೆಯೇ ನೋಡಬೇಕು’ ಎಂದು ಬಾಯಿಬಿಟ್ಟು ಕೇಳಿ. ಮಲಗಿದ್ದಾಗ, ಮತ್ತೆ ಎದ್ದು ನಿಂತ ಎರಡು ನಿಮಿಷಕ್ಕೆ, ನಾಡಿ ಮತ್ತು ರಕ್ತದೊತ್ತಡ ನೋಡಬೇಕು. ಮೈ ಬಿಸಿ, ಇಸಿಜಿ, ರಕ್ತದಲ್ಲಿ ಸಕ್ಕರೆ, ಹಿಮೋಗ್ಲೋಬಿನ್, ಪೊಟ್ಯಾಸಿಯಂ, ಫಾಸ್ಫೇಟ್, ಮೆಗ್ನೀಸಿಯಂ, ಮೂತ್ರಪಿಂಡ, ಪಿತ್ತಜನಕಾಂಗ, ಥೈರಾಯ್ಡ್ ಪರೀಕ್ಷೆ ಬೇಕು. ಮುಟ್ಟು ನಿಂತು ಆರು ತಿಂಗಳಾಗಿದ್ದರೆ ಮೂಳೆಯ ಸಾಂದ್ರತೆಯನ್ನೂ ನೋಡಿಸುವುದು ಒಳ್ಳೆಯದು. ತೂಗುವಾಗ ತೆಳು ಬಟ್ಟೆ, ಖಾಲಿ ಜೇಬು, ಮೂತ್ರ ಮಾಡಿದ ಮೇಲೆ. ತೂಕ ತೋರಿಸಲೆಂದು ಲೀಟರುಗಟ್ಟಲೆ ನೀರು ಕುಡಿದು ಬರುವವರು ಇದ್ದಾರೆ. ಒಂದು ವಿಷಯ ಗಟ್ಟಿಯಾಗಿ ನೆನಪಿಡಿ: ರಕ್ತದ ವರದಿ ಪೂರ್ತಿ ಸರಿ ಬಂದರೂ ಕಾಯಿಲೆ ಇಲ್ಲವೆಂದಲ್ಲ. ಮೈ ಎಷ್ಟೋ ದಿನ ಹೇಗೋ ತೂಗಿಸಿಕೊಂಡು ಹೋಗುತ್ತದೆ, ವರದಿ ಕೆಡುವ ಹೊತ್ತಿಗೆ ತಡವಾಗಿರುತ್ತದೆ. ಡಾಕ್ಟರು ಅವಳೊಬ್ಬಳ ಜೊತೆ ಮಾತಾಡಲಿ, ನೀವು ಹೊರಗೆ ಕೂರಿ. 18 ತುಂಬಿದವರ ವಿವರವನ್ನು ಅವರ ಒಪ್ಪಿಗೆಯಿಲ್ಲದೆ ಡಾಕ್ಟರು ಸಾಮಾನ್ಯವಾಗಿ ನಿಮಗೆ ಹೇಳುವುದಿಲ್ಲ, ಆದರೆ ನೀವು ಡಾಕ್ಟರಿಗೆ ಹೇಳುವುದಕ್ಕೆ ತಡೆಯಿಲ್ಲ. ಆ ಹಾಳೆಯನ್ನು ಮೊದಲೇ ತಲುಪಿಸಿಬಿಡಿ.

ಮನೆಯಲ್ಲೇ ಒಂದನ್ನು ನೋಡಬಹುದು. ಬೆಳಗ್ಗೆ ಹಾಸಿಗೆಯಿಂದ ಏಳುವ ಮುಂಚೆ ಮಣಿಕಟ್ಟಿನ ನಾಡಿಯನ್ನು ಪೂರ್ತಿ 60 ಸೆಕೆಂಡು ಎಣಿಸಿ. ಹಗಲಲ್ಲಿ ಎಚ್ಚರವಿದ್ದಾಗಲೂ 50ಕ್ಕಿಂತ ಕಡಿಮೆ ಇದ್ದರೆ ಅದೇ ದಿನ ಡಾಕ್ಟರು ನೋಡಬೇಕು. ‘ವ್ಯಾಯಾಮ ಮಾಡ್ತಾಳೆ, ಅದಕ್ಕೇ ನಿಧಾನ’ ಎಂಬ ಸಮಜಾಯಿಷಿ ಇಷ್ಟು ತೂಕ ಇಳಿದವರಿಗೆ ಹೊಂದುವುದಿಲ್ಲ. ಜ್ಞಾನತಪ್ಪಿ ಬೀಳುವುದು, ಎದೆನೋವು, ಎದೆಬಡಿತ ತಪ್ಪುವುದು, ವಾಂತಿಯಲ್ಲಿ ರಕ್ತ, ನೀರೂ ದಕ್ಕದಿರುವುದು, ಮಾತು ತೊದಲುವಷ್ಟು ಮಂಕು, ಸಾಯುವ ಮಾತು, ಇವುಗಳಲ್ಲಿ ಯಾವುದೊಂದು ಕಂಡರೂ ನೇರವಾಗಿ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ. ಪದೇಪದೇ ವಾಂತಿ ಮಾಡಿಕೊಳ್ಳುವವರಲ್ಲಿ ಪೊಟ್ಯಾಸಿಯಂ ಕುಸಿದು, ನೋಡಲು ಚೆನ್ನಾಗೇ ಇದ್ದವರ ಹೃದಯ ಲಯ ತಪ್ಪಬಹುದು.

ಈಗ ಈ ಮೂರು ವಾರದ ಊಟ. ‘ಎಲ್ಲಾ ಬಡಿಸ್ತೀನಿ, ತಿಂದ್ಬಿಡು’ ಎಂದು ಒಮ್ಮೆಲೇ ಹೇರಬೇಡಿ. ಬಹಳ ದಿನ ಹೆಚ್ಚುಕಡಿಮೆ ಉಪವಾಸವಿದ್ದ ಮೈಗೆ ಥಟ್ಟನೆ ಹೆಚ್ಚು ಆಹಾರ ಬಿದ್ದರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ಇಳಿದು ಹೃದಯಕ್ಕೇ ಅಪಾಯ. ಈಚೆಗೆ ಐದಾರು ದಿನ ಬಹುತೇಕ ಏನೂ ತಿಂದಿಲ್ಲ ಎಂದಾದರೆ ಮೊದಲು ರಕ್ತ ಪರೀಕ್ಷೆ, ಆಮೇಲೆ ಡಾಕ್ಟರು ಹೇಳಿದ ಏರಿಕೆಯಲ್ಲಿ ಊಟ. ಅಷ್ಟಿಲ್ಲದೆ ಅಲ್ಪಸ್ವಲ್ಪ ತಿನ್ನುತ್ತಿದ್ದರೆ ಇವತ್ತಿನಿಂದಲೇ ಹೊತ್ತು ಗೊತ್ತುಮಾಡಿ: ಮೂರು ಊಟ, ನಡುವೆ ಎರಡು ಮೂರು ಸಣ್ಣ ತಿಂಡಿ, ಎಚ್ಚರವಿರುವಾಗ ನಾಲ್ಕು ಗಂಟೆಗಿಂತ ಹೆಚ್ಚು ಖಾಲಿ ಹೊಟ್ಟೆ ಇರಬಾರದು. ಹಸಿವಾದಾಗ ತಿನ್ನು ಎಂಬ ಮಾತು ಈಗ ನಡೆಯುವುದಿಲ್ಲ. ಹಸಿವಿನ ಸೂಚನೆಯೇ ಕೆಟ್ಟಿದೆ, ಗಡಿಯಾರ ನೋಡಿ ತಿನ್ನಬೇಕು. ತಟ್ಟೆಗೆ ನೀವೇ ಬಡಿಸಿ. ಧಾನ್ಯ, ಬೇಳೆಕಾಳು ಅಥವಾ ಮೊಟ್ಟೆ, ತರಕಾರಿ, ಹಾಲು ಅಥವಾ ಮೊಸರು, ಜೊತೆಗೆ ಎಣ್ಣೆ ಅಥವಾ ಬೀಜಗಳ ಕೊಬ್ಬು, ಎಲ್ಲವೂ ಇರಲಿ. ಬರೀ ಸೊಪ್ಪು, ಸೌತೆಕಾಯಿ, ನೀರಿನಲ್ಲಿ ಹೊಟ್ಟೆ ತುಂಬಿಸಿಕೊಳ್ಳುವುದು ತೀರಾ ಸಾಮಾನ್ಯ, ನೋಡಿದರೆ ತಟ್ಟೆ ತುಂಬ ಊಟ, ಒಳಗೆ ಕಸುವಿಲ್ಲ.

ಮೊದಲ ವಾರ ಎರಡು ತುತ್ತಿಗೇ ‘ಹೊಟ್ಟೆ ತುಂಬಿತು, ಉಬ್ಬರಿಸಿದೆ’ ಅನ್ನುತ್ತಾಳೆ. ನಟನೆ ಅಂದುಕೊಳ್ಳಬೇಡಿ, ಕಡಿಮೆ ತಿಂದ ಹೊಟ್ಟೆ ಖಾಲಿಯಾಗುವುದೇ ನಿಧಾನ. ತಿನ್ನುತ್ತಾ ಹೋದಂತೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಬಿಸಿನೀರಿನ ಚೀಲ ಹೊಟ್ಟೆಯ ಮೇಲಿಟ್ಟುಕೊಂಡರೆ ಹಾಯೆನಿಸುತ್ತದೆ. ಊಟಕ್ಕೆ ಎಲ್ಲರೂ ಜೊತೆಗೆ ಕೂರಿ, ಎಲ್ಲರೂ ಅದನ್ನೇ ತಿನ್ನಿ, ಮಾತು ಬೇರೆಯದಿರಲಿ. ಎಷ್ಟು ತುತ್ತು ಎಂದು ಎಣಿಸಬೇಡಿ. ಅರ್ಧ ಗಂಟೆಗೆ ಊಟ ಮುಗಿಯದಿದ್ದರೆ ಒಂದೇ ಮಾತು: ‘ಕಷ್ಟ ಅಂತ ಗೊತ್ತು, ನಾನು ಇಲ್ಲೇ ಇರ್ತೀನಿ, ಇನ್ನೊಂದು ತುತ್ತು.’ ಊಟವಾದ ಮೇಲೆ ಒಂದು ಗಂಟೆ ಅವಳನ್ನು ಒಂಟಿಯಾಗಿ ಬಿಡಬೇಡಿ. ಸಿನಿಮಾ ನೋಡಿ, ಇಸ್ಪೀಟು ಆಡಿ, ಏನಾದರೂ ಸರಿ. ಮೈಮನಸ್ಸು ಹೆಚ್ಚು ಚಡಪಡಿಸುವ ಹೊತ್ತು ಅದೇ. ಮನೆಯ ತೂಕದ ಯಂತ್ರವನ್ನು ಎತ್ತಿಡಿ. ದಿನದಿಂದ ದಿನಕ್ಕೆ ನೀರು, ಉಪ್ಪು, ಮುಟ್ಟಿನ ದೆಸೆಯಿಂದಲೇ ಒಂದೆರಡು ಕೆ.ಜಿ. ಆಚೀಚೆ ಆಗುತ್ತದೆ, ಆ ಅಂಕಿ ಕಂಡರೆ ಅವತ್ತಿನ ಊಟ ಹೋಯಿತೆಂದೇ ಅರ್ಥ. ತೂಕ ವಾರಕ್ಕೊಮ್ಮೆ ಡಾಕ್ಟರ ಬಳಿ ಮಾತ್ರ. ವಾರಕ್ಕೆ ಅರ್ಧ ಕೆ.ಜಿ. ಆಸುಪಾಸು ಏರಿದರೆ ಒಳ್ಳೆಯ ಏರಿಕೆ.

ಕಾಯಿಲೆ ಎಂದು ಖಚಿತವಾದರೆ ಡಾಕ್ಟರು, ಆಹಾರತಜ್ಞರು, ಈ ಕಾಯಿಲೆಗಳಲ್ಲಿ ಪಳಗಿದ ಮನೋಚಿಕಿತ್ಸಕರು, ಮೂವರೂ ಬೇಕು. ಬರೀ ಊಟದ ಚಾರ್ಟ್ ಬರೆದುಕೊಟ್ಟರೆ ಅವಳು ಅದನ್ನೂ ಕ್ಯಾಲೊರಿ ಎಣಿಸಲು ಬಳಸುತ್ತಾಳೆ. ಹರೆಯದವರಲ್ಲಿ ಹೆಚ್ಚು ಫಲ ಕಂಡಿರುವುದು ತಂದೆತಾಯಿಯೇ ಊಟದ ಹೊಣೆ ಹೊತ್ತು ನಡೆಸುವ ಕುಟುಂಬ ಚಿಕಿತ್ಸೆಯಲ್ಲಿ. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ಬೆಳೆದ ಪದ್ಧತಿ ಅದು. 18ರ ಹುಡುಗಿ ಮನೆಯಲ್ಲಿದ್ದರೆ, ಅವಳೂ ಒಪ್ಪಿದರೆ, ಅದನ್ನು ಮಾಡಬಹುದು.

ಅದಕ್ಕಾಗಿಯೇ ಕಾಲೇಜಿಗೆ ಹಿಂತಿರುಗುವ ಮಾತನ್ನು ರಜೆಯ ಕೊನೆಯ ದಿನಕ್ಕೆ ಬಿಡಬೇಡಿ. ನಾಡಿ, ರಕ್ತದೊತ್ತಡ ಸರಿಯಿದ್ದು, ತೂಕ ಇಳಿಯುವುದು ನಿಂತು, ನೀವು ಪಕ್ಕದಲ್ಲಿಲ್ಲದಾಗಲೂ ಊಟ ತಪ್ಪಿಸದಿದ್ದರೆ ಡಾಕ್ಟರು ಹೂಂ ಅನ್ನಬಹುದು. ಇಲ್ಲದಿದ್ದರೆ ಒಂದು ಸೆಮಿಸ್ಟರ್ ರಜೆ ಹಾಕಿಸಿ. ವೈದ್ಯಕೀಯ ರಜೆಗೆ ಏನು ಕಾಗದ ಬೇಕೆಂದು ಕಾಲೇಜಿನ ಕಚೇರಿಯಲ್ಲಿ ಈಗಲೇ ವಿಚಾರಿಸಿಡಿ. ಹೋಗುವುದಾದರೆ ಕ್ಲಾಸಿನ ವೇಳಾಪಟ್ಟಿ, ಮೆಸ್ಸಿನ ವೇಳೆ ಎರಡನ್ನೂ ಪಕ್ಕಪಕ್ಕ ಇಟ್ಟು, ಯಾವ ದಿನ ಯಾವ ಊಟ ತಪ್ಪುತ್ತದೆ ನೋಡಿ, ಆ ಹೊತ್ತಿಗೆ ರೂಮಿನಲ್ಲಿ ಏನಿರಬೇಕು ಎಂದು ಅವಳ ಜೊತೆ ಕೂತು ಬರೆಯಿರಿ. ಕಾಲೇಜಿನ ಹತ್ತಿರವೇ ವಾರವಾರ ತೂಗಿ ನಾಡಿ ನೋಡುವ ಡಾಕ್ಟರೊಬ್ಬರು ಗೊತ್ತಾಗಿರಲಿ, ಫಲಿತಾಂಶ ನಿಮಗೂ ಬರಲು ಅವಳು ಒಪ್ಪಿಗೆ ಬರೆದುಕೊಡಲಿ. ಫೋನಿನಲ್ಲಿ ದಿನಾ ‘ತಿಂದೆಯಾ?’ ಎಂದು ಕೇಳಿದರೆ ದಿನಾ ‘ಹೂಂ’ ಎಂಬ ಉತ್ತರವೇ ಸಿಗುತ್ತದೆ. ಅದರ ಬದಲು ಗೊತ್ತಾದ ಹೊತ್ತಿಗೆ ವಿಡಿಯೋ ಕರೆ ಮಾಡಿ ರಾತ್ರಿಯ ಊಟವನ್ನು ಇಬ್ಬರೂ ಒಟ್ಟಿಗೆ ಮಾಡಿ. ಮತ್ತು ಕೆಳಮಿತಿಯ ತೂಕವೊಂದನ್ನು ಡಾಕ್ಟರಿಂದ ಗೊತ್ತುಮಾಡಿಸಿ ಹಾಳೆಯಲ್ಲಿ ಬರೆಸಿಕೊಳ್ಳಿ. ಒಂದು ವಾರ ಅದಕ್ಕಿಂತ ಕೆಳಗೆ ಬಂದರೆ ನೀವು ಅಲ್ಲಿಗೆ ಹೋಗುತ್ತೀರಿ, ಎರಡು ವಾರ ಬಂದರೆ ಅವಳು ಮನೆಗೆ ಬರುತ್ತಾಳೆ. ಹೊರಡುವ ಮುಂಚೆ ಮೂವರೂ ಅದಕ್ಕೆ ಸಹಿ ಹಾಕಿ.